‘ಕೈಂಡ್ ಆಫ್ ಬ್ಲೂ’ ಮೆಚ್ಚಿದ ಮೇಲೆ ಮುಂದಿನ ಜಾಝ್ ಆಲ್ಬಂ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಜಾಝ್ ಆಲ್ಬಂ ‘ಕೈಂಡ್ ಆಫ್ ಬ್ಲೂ’ ಕೇಳಿ ಮನಸೋತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದಾದ ಮೇಲೆ ಏನನ್ನು ಕೇಳಬೇಕು? ಈ ಪ್ರಶ್ನೆಯನ್ನು ಕೇಳುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಆಗಲೇ ಒಂದು ಪ್ರಯತ್ನ ಮಾಡಿ ಕೈಬಿಟ್ಟಿರುತ್ತಾರೆ. ಶ್ರೇಷ್ಠ ಜಾಝ್ ಆಲ್ಬಂಗಳ ಯಾವುದೋ ಪಟ್ಟಿಯನ್ನು ಹುಡುಕಿ, ಅದರಲ್ಲಿ ಮೇಲಿದ್ದ ನಾಲ್ಕೈದನ್ನು ಒಂದೇ ವಾರದಲ್ಲಿ ಕೇಳಿ, ಒಂದೂ ಹಿಡಿಸದೆ, ತಮಗೆ ಇಷ್ಟವಾದದ್ದು ಆ ಒಂದು ಆಲ್ಬಂ ಮಾತ್ರ, ಜಾಝ್ ಅಲ್ಲ ಎಂದು ತೀರ್ಮಾನಿಸಿಬಿಟ್ಟಿರುತ್ತಾರೆ. ನಾನೂ ಹೀಗೆಯೇ ಪಟ್ಟಿ ನೋಡಿಕೊಂಡು ನೇರವಾಗಿ ಡೇವಿಸ್ ಅವರ ‘ಬಿಚಸ್ ಬ್ರೂ’ (1970) ಆಲ್ಬಮ್ಮಿಗೆ ಹೋದವನು. ಅದೇ ಹೆಸರು, ಅದೇ ಟ್ರಂಪೆಟ್ ಎಂಬ ಭರವಸೆಯಿಂದ ಹಾಕಿದರೆ ಎಲೆಕ್ಟ್ರಿಕ್ ಪಿಯಾನೋ, ಎಲೆಕ್ಟ್ರಿಕ್ ಗಿಟಾರ್ ಮತ್ತು ಒಬ್ಬರಿಗಿಂತ ಹೆಚ್ಚು ಡ್ರಮ್ಸ್ ವಾದಕರ ಗದ್ದಲ ಎದುರಾಯಿತು. ಹತ್ತು ನಿಮಿಷಕ್ಕೆ ನಿಲ್ಲಿಸಿ, ಎರಡು ವರ್ಷ ಆ ಕಡೆ ತಿರುಗಿ ನೋಡಲಿಲ್ಲ. ಇಂದು ಅದು ನನಗೆ ತುಂಬ ಬೇಕಾದ ಆಲ್ಬಂ. ಅಂದು ತಪ್ಪಿದ್ದು ಕೇಳಿದ ಕ್ರಮ.

ಪಟ್ಟಿಯ ಬದಲು ಅನುಸರಿಸಬೇಕಾದ ದಾರಿ ಸರಳವಾಗಿದೆ. ಕಛೇರಿಗೆ ಹೋಗುವ ಮುನ್ನ ಪಿಟೀಲು ಯಾರದು, ಮೃದಂಗ ಯಾರದು ಎಂದು ವಿಚಾರಿಸುವವರು ನಮ್ಮಲ್ಲಿ ಇದ್ದಾರೆ. ಈ ರಾತ್ರಿ ಭಾಗವತಿಕೆ ಯಾರದು ಎಂದು ಕೇಳಿಕೊಂಡೇ ಯಕ್ಷಗಾನಕ್ಕೆ ಹೊರಡುವವರೂ ಇದ್ದಾರೆ. ಜಾಝ್ ಆಲ್ಬಮ್ಮನ್ನೂ ಹಾಗೆಯೇ ಹುಡುಕಬೇಕು. ಮುಖಪುಟದಲ್ಲಿರುವ ಹೆಸರಿಗಿಂತ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ವಾದಕರ ಹೆಸರುಗಳು ಮುಂದಿನ ದಾರಿಯನ್ನು ಹೆಚ್ಚು ಸರಿಯಾಗಿ ತೋರಿಸುತ್ತವೆ. ಪ್ರತಿ ಹೆಜ್ಜೆಯಲ್ಲೂ ಪರಿಚಿತವಾದ ಏನನ್ನಾದರೂ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಬದಲಿಸುತ್ತ ಹೋಗುವುದು ಈ ಮಾರ್ಗದರ್ಶಿಯ ಕ್ರಮವಾಗಿದೆ.

## ಮೊದಲು ಹೊಂದಿಸಿಕೊಳ್ಳಬೇಕಾದದ್ದು

ದುಬಾರಿ ಸಲಕರಣೆಗಳೇನೂ ಬೇಕಿಲ್ಲ. ಆದರೆ ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬಾಸ್ ವಾದ್ಯದ ತಗ್ಗಿನ ಸ್ವರಗಳು ಅದರಲ್ಲಿ ಬಹುಪಾಲು ಹೊರಡುವುದೇ ಇಲ್ಲ. ‘ಕೈಂಡ್ ಆಫ್ ಬ್ಲೂ’ವಿನ ಮೊದಲ ರಚನೆಯಾದ ‘ಸೋ ವಾಟ್’ನ ಮುಖ್ಯ ಸಾಲನ್ನು ನುಡಿಸುವುದೇ ಬಾಸ್ ಆಗಿರುವುದರಿಂದ, ಅಂಥ ಸ್ಪೀಕರಿನಲ್ಲಿ ಪ್ರಶ್ನೆ ಕೇಳಿಸದೆ ಉತ್ತರ ಮಾತ್ರ ಕೇಳಿಸಿದಂತಾಗುತ್ತದೆ. ಸಾಧಾರಣ ಬೆಲೆಯ ಹೆಡ್‌ಫೋನ್ ಸಾಕು.

ಎರಡನೆಯದಾಗಿ, ಒಂದು ನೋಟ್‌ಪುಸ್ತಕವನ್ನು ಇಟ್ಟುಕೊಳ್ಳಿ. ಮೂರನೆಯದಾಗಿ, ಹಾಡು ಕೇಳುವ ಆ್ಯಪ್‌ನಲ್ಲಿ ಶಫಲ್ ಮತ್ತು ಆಟೋಪ್ಲೇ ಎರಡನ್ನೂ ನಿಲ್ಲಿಸಿ. ಆಲ್ಬಂ ಮುಗಿದೊಡನೆ ಆ್ಯಪ್ ತಾನಾಗಿಯೇ ಬೇರೇನನ್ನೋ ಶುರುಮಾಡಿದರೆ, ಆಗ ತಾನೇ ಕೇಳಿದ್ದು ಮನಸ್ಸಿನಲ್ಲಿ ನೆಲೆ ನಿಲ್ಲುವ ಮೊದಲೇ ಅಳಿಸಿಹೋಗುತ್ತದೆ. ನಾಲ್ಕನೆಯದು ಸಮಯ. ‘ಕೈಂಡ್ ಆಫ್ ಬ್ಲೂ’ ಸುಮಾರು 46 ನಿಮಿಷಗಳದ್ದು, ಆ ಕಾಲದ ಬಹುತೇಕ ಆಲ್ಬಂಗಳು ಇನ್ನೂ ಚಿಕ್ಕವು. ವಾರಕ್ಕೆ ಒಂದು ಆಲ್ಬಂ, ಅದನ್ನು ಎರಡು ಅಥವಾ ಮೂರು ಸಲ ಕೇಳುವುದು ಎಂಬ ಲೆಕ್ಕ ಇಟ್ಟುಕೊಂಡರೆ ಸಾಕು.

## ಹಂತ 1: ನಿಮ್ಮನ್ನು ಹಿಡಿದದ್ದು ಏನೆಂದು ಪತ್ತೆಮಾಡಿ

ಬಹುಪಾಲು ಜನ ಬಿಟ್ಟುಬಿಡುವುದು ಈ ಹಂತವನ್ನೇ, ಮುಂದೆ ದಾರಿ ತಪ್ಪುವುದಕ್ಕೂ ಇದೇ ಕಾರಣ. ಆಲ್ಬಂ ಇಷ್ಟವಾಯಿತು ಎಂದರೆ ಸಾಲದು; ಅದರಲ್ಲಿ ಯಾವುದು ಇಷ್ಟವಾಯಿತು ಎಂಬುದು ನಿಮಗೆ ತಿಳಿದಿರಬೇಕು.

‘ಸೋ ವಾಟ್’ ಅನ್ನು ಮತ್ತೆ ಹಾಕಿ. ಆರಂಭದ ಸುಮಾರು ಅರ್ಧ ನಿಮಿಷ ಪಿಯಾನೋ ಮತ್ತು ಬಾಸ್ ತಾಳದ ಬಿಗಿಯಿಲ್ಲದೆ ಮೆಲ್ಲಗೆ ಸಾಗುತ್ತವೆ. ಆಮೇಲೆ ಬಾಸ್ ಒಂದು ಸಾಲನ್ನು ನುಡಿಸುತ್ತದೆ, ಅದಕ್ಕೆ ಮೊದಲು ಪಿಯಾನೋ, ನಂತರ ಊದುವಾದ್ಯಗಳು ಎರಡೇ ಎರಡು ಪೆಟ್ಟುಗಳಲ್ಲಿ ಉತ್ತರ ಕೊಡುತ್ತವೆ. ಸುಮಾರು ಒಂದೂವರೆ ನಿಮಿಷದ ಹೊತ್ತಿಗೆ, ಡೇವಿಸ್ ತಮ್ಮ ಸೋಲೋ (ಒಬ್ಬರೇ ಮುಂದಾಗಿ ಮನೋಧರ್ಮದಿಂದ ನುಡಿಸುವ ಭಾಗ) ಆರಂಭಿಸುವ ಗಳಿಗೆಯಲ್ಲಿಯೇ, ಡ್ರಮ್ಸ್ ವಾದಕ ಜಿಮ್ಮಿ ಕಾಬ್ ಸಿಂಬಲ್ ಎಂಬ ಲೋಹದ ಫಲಕದ ಮೇಲೆ ಒಂದು ಪೆಟ್ಟು ಹಾಕುತ್ತಾರೆ. ಅದರ ನಾದ ಟ್ರಂಪೆಟ್ಟಿನ ಮೊದಲ ಸ್ವರಗಳ ಹಿಂದೆ ಬಹಳ ಹೊತ್ತು ಹರಡಿಕೊಂಡಿರುತ್ತದೆ. ಆ ಸಿಂಬಲ್ ಕೇಳಿಸುವವರೆಗೆ ಅಷ್ಟು ಭಾಗವನ್ನು ಮತ್ತೆ ಮತ್ತೆ ಹಾಕಿ. ಅದು ಕಿವಿಗೆ ಸಿಕ್ಕಿತೆಂದರೆ ನೀವು ವಾದ್ಯಗಳನ್ನು ಬಿಡಿಸಿ ಕೇಳುವುದಕ್ಕೆ ಸಿದ್ಧರಾಗಿದ್ದೀರಿ ಎಂದರ್ಥ.

ಮುಂದೆ ಸೋಲೋಗಳು ಬರುವ ಕ್ರಮ ಹೀಗಿದೆ: ಟ್ರಂಪೆಟ್‌ನಲ್ಲಿ ಡೇವಿಸ್, ಟೆನರ್ ಸ್ಯಾಕ್ಸೋಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ಆಲ್ಟೋ ಸ್ಯಾಕ್ಸೋಫೋನ್‌ನಲ್ಲಿ ಕ್ಯಾನನ್‌ಬಾಲ್ ಅಡರ್ಲಿ, ಕೊನೆಗೆ ಪಿಯಾನೋದಲ್ಲಿ ಬಿಲ್ ಇವಾನ್ಸ್. ಎರಡು ಸ್ಯಾಕ್ಸೋಫೋನುಗಳನ್ನು ಒಂದೇ ಎಂದುಕೊಳ್ಳುವುದು ಹೊಸಬರಲ್ಲಿ ತೀರ ಸಾಮಾನ್ಯವಾದ ತಪ್ಪು. ಕೋಲ್ಟ್ರೇನ್ ಅವರ ಟೆನರ್ ತಗ್ಗಿನ, ಗಡಸು ನಾದದ್ದು. ಸ್ವರಗಳು ಒತ್ತೊತ್ತಾಗಿ ಹುಡುಕಾಟದಂತೆ ಬರುತ್ತವೆ. ಅಡರ್ಲಿ ಅವರ ಆಲ್ಟೋ ಅದಕ್ಕಿಂತ ಮೇಲಿನ ಸ್ಥಾಯಿಯದು, ಕುಣಿಯುತ್ತ, ನಗುಮುಖದಿಂದ ಬರುತ್ತದೆ. ಈ ಇಬ್ಬರಲ್ಲಿ ನಿಮಗೆ ಹತ್ತಿರದವರು ಯಾರು ಎಂಬುದರ ಮೇಲೆ ನಿಮ್ಮ ಮುಂದಿನ ಆರು ತಿಂಗಳ ದಾರಿ ನಿಂತಿದೆ.

ಐದೂ ರಚನೆಗಳನ್ನು ಹೀಗೆ ಕೇಳಿ, ಇಷ್ಟವಾದ ಗಳಿಗೆ ಬಂದಾಗಲೆಲ್ಲ ರಚನೆಯ ಹೆಸರು, ನಿಮಿಷ, ವಾದ್ಯ ಇಷ್ಟನ್ನು ಬರೆದುಕೊಳ್ಳಿ. ಎರಡು ಸಲ ಕೇಳಿ ಮುಗಿಸುವಷ್ಟರಲ್ಲಿ ಯಾವುದಾದರೂ ಒಂದು ಹೆಸರು ಪುಟದಲ್ಲಿ ಹೆಚ್ಚು ಸಲ ಕಾಣಿಸುತ್ತದೆ. ‘ಬ್ಲೂ ಇನ್ ಗ್ರೀನ್’ ಮತ್ತು ‘ಫ್ಲಾಮೆಂಕೋ ಸ್ಕೆಚಸ್’ ಹೆಚ್ಚು ಗುರುತಾಗಿದ್ದರೆ ನಿಮ್ಮನ್ನು ಹಿಡಿದದ್ದು ಇವಾನ್ಸ್ ಅವರ ಪಿಯಾನೋ, ಇಲ್ಲವೇ ಬಾಯಿಗೆ ದನಿ ತಗ್ಗಿಸುವ ಮ್ಯೂಟ್ ಸಿಕ್ಕಿಸಿದ ಟ್ರಂಪೆಟ್ಟಿನ ಆ ಪಿಸುದನಿ. ‘ಫ್ರೆಡ್ಡಿ ಫ್ರೀಲೋಡರ್’ ಗುರುತಾಗಿದ್ದರೆ ಒಂದು ವಿಷಯವನ್ನು ಗಮನಿಸಬೇಕು: ಆ ರಚನೆಯಲ್ಲಿ ಮಾತ್ರ ಪಿಯಾನೋ ನುಡಿಸಿದವರು ಇವಾನ್ಸ್ ಅಲ್ಲ, ವಿಂಟನ್ ಕೆಲಿ. ಇಷ್ಟು ಗೊತ್ತಿಲ್ಲದೆ ಇವಾನ್ಸ್ ಅವರ ಆಲ್ಬಂಗಳನ್ನು ತಂದು ಕೇಳಿ, ‘ಆ ಲವಲವಿಕೆ ಇದರಲ್ಲಿಲ್ಲ’ ಎಂದು ಬೇಸರಪಟ್ಟವರನ್ನು ನೋಡಿದ್ದೇನೆ. ಅವರಿಗೆ ಬೇಕಾಗಿದ್ದದ್ದು ಕೆಲಿ.

ಎಚ್ಚರಿಕೆಯ ಸೂಚನೆ: ಎರಡು ಸಲ ಕೇಳಿದ ಮೇಲೂ ಪುಟದಲ್ಲಿ ‘ಚೆನ್ನಾಗಿದೆ’, ‘ಹಿತವಾಗಿದೆ’ ಎಂಬ ಮಾತುಗಳೇ ಇದ್ದರೆ, ಆಲ್ಬಂ ಇನ್ನೂ ನಿಮಗೆ ಹಿನ್ನೆಲೆಯ ಸಂಗೀತವಾಗಿಯೇ ಉಳಿದಿದೆ ಎಂದು ತಿಳಿಯಿರಿ. ಎರಡನೆಯ ಹಂತಕ್ಕೆ ಹೋಗದೆ, ಒಂದೇ ವಾದ್ಯವನ್ನು ಆರಿಸಿಕೊಂಡು ಇನ್ನೊಮ್ಮೆ ಕೇಳಿ.

## ಹಂತ 2: ವಾದಕರ ಪಟ್ಟಿಯನ್ನು ಕೈಯಲ್ಲಿ ಬರೆದುಕೊಳ್ಳಿ

ಪುಸ್ತಕದ ಹೊಸ ಪುಟದಲ್ಲಿ ಏಳು ಹೆಸರುಗಳನ್ನು ಬರೆಯಿರಿ: ಡೇವಿಸ್, ಕೋಲ್ಟ್ರೇನ್, ಅಡರ್ಲಿ, ಇವಾನ್ಸ್, ಕೆಲಿ, ಬಾಸ್ ನುಡಿಸಿದ ಪಾಲ್ ಚೇಂಬರ್ಸ್, ಡ್ರಮ್ಸ್ ನುಡಿಸಿದ ಜಿಮ್ಮಿ ಕಾಬ್. ಅವುಗಳ ಕೆಳಗೆ ಧ್ವನಿಮುದ್ರಣದ ದಿನಾಂಕಗಳನ್ನು ಬರೆಯಿರಿ: 1959ರ ಮಾರ್ಚ್ 2 ಮತ್ತು ಏಪ್ರಿಲ್ 22. ಸ್ಥಳ ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೋ.

ಮುಂದೆ ಕೇಳುವ ಪ್ರತಿ ಆಲ್ಬಮ್ಮಿಗೂ ಇದೇ ರೀತಿ ಮೂರು ಸಾಲು ಬರೆಯುವುದನ್ನು ರೂಢಿಸಿಕೊಳ್ಳಿ: ಯಾರು, ಯಾವಾಗ, ಎಲ್ಲಿ. ಹಾಡು ಕೇಳುವ ಆ್ಯಪ್‌ಗಳಲ್ಲಿ ಈ ವಿವರ ಪೂರ್ತಿಯಾಗಿ ಸಿಗುವುದು ಕಡಿಮೆ, ಸಿಕ್ಕರೂ ಹಲವು ಕಡೆ ಮುಖ್ಯ ಕಲಾವಿದರ ಹೆಸರು ಮಾತ್ರ ಇರುತ್ತದೆ. ವಿಕಿಪೀಡಿಯಾದಲ್ಲಿ ಆಲ್ಬಮ್ಮಿನ ಪುಟವನ್ನು ತೆರೆದರೆ ವಾದಕರ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಡಿಸ್ಕಾಗ್ಸ್ ತಾಣದಲ್ಲಿ ಮೂಲ ಗ್ರಾಮಫೋನ್ ತಟ್ಟೆಯ ಹೊದಿಕೆಯ ಹಿಂಬದಿಯ ಚಿತ್ರವನ್ನೇ ಅನೇಕ ಸಲ ನೋಡಬಹುದು. ಹೆಸರುಗಳನ್ನು ಓದಿ ಬಿಡುವುದರ ಬದಲು ಕೈಯಲ್ಲಿ ಬರೆಯಿರಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಐದಾರು ಆಲ್ಬಂಗಳಾದ ಮೇಲೆ ಅದೇ ಹೆಸರು ಮತ್ತೆ ಬಂದಾಗ ಅದನ್ನು ಕಣ್ಣಿಗಿಂತ ಮೊದಲು ಕೈ ಗುರುತಿಸುತ್ತದೆ.

## ಹಂತ 3: ಅದೇ ಜನ, ಅದೇ ಕಾಲ

ಮೊದಲ ನಾಲ್ಕು ಆಲ್ಬಂಗಳನ್ನು 1958 ಮತ್ತು 1959ರ ಒಳಗೇ ಆರಿಸಿ. ಈ ಹಂತದಲ್ಲಿ ಹೊಸ ಶೈಲಿಯನ್ನು ಹುಡುಕಬೇಡಿ.

ಮೊದಲನೆಯದಾಗಿ ಅಡರ್ಲಿ ಅವರ ಹೆಸರಿನಲ್ಲಿರುವ ‘ಸಮ್‌ಥಿಂಗ್ ಎಲ್ಸ್’ (1958). ಇದರಲ್ಲಿ ಡೇವಿಸ್ ಇನ್ನೊಬ್ಬರ ಆಲ್ಬಮ್ಮಿನಲ್ಲಿ ಸಹವಾದಕರಾಗಿ ಕುಳಿತಿದ್ದಾರೆ, ಆ ವರ್ಷಗಳಲ್ಲಿ ಅದು ಅಪರೂಪ. ‘ಆಟಮ್ ಲೀವ್ಸ್’ ರಚನೆಯಲ್ಲಿ ಅವರ ಮ್ಯೂಟ್ ಹಾಕಿದ ಟ್ರಂಪೆಟ್ ಕೇಳಿದೊಡನೆ ನೀವು ಪರಿಚಿತರ ಮನೆಗೇ ಬಂದಿದ್ದೀರಿ ಎಂಬುದು ಖಾತ್ರಿಯಾಗುತ್ತದೆ. ಅತಿ ಕಡಿಮೆ ಅಪಾಯದ ಹೆಜ್ಜೆ ಇದು. ಯಾರಿಗಾದರೂ ಒಂದೇ ಒಂದು ಹೆಸರು ಹೇಳಬೇಕಾಗಿ ಬಂದರೆ ನಾನು ಹೇಳುವುದು ಇದನ್ನೇ.

ಎರಡನೆಯದು ಡೇವಿಸ್ ಅವರ ‘ಮೈಲ್‌ಸ್ಟೋನ್ಸ್’ (1958). ಡೇವಿಸ್, ಕೋಲ್ಟ್ರೇನ್, ಅಡರ್ಲಿ, ಚೇಂಬರ್ಸ್ ಇದ್ದಾರೆ. ಪಿಯಾನೋ ರೆಡ್ ಗಾರ್ಲೆಂಡ್ ಅವರದು, ಡ್ರಮ್ಸ್ ಫಿಲ್ಲಿ ಜೋ ಜೋನ್ಸ್ ಅವರದು. ಈ ಇಬ್ಬರ ಬದಲಾವಣೆಯಿಂದಲೇ ಸಂಗೀತ ಎಷ್ಟು ಬಿರುಸಾಗಿದೆ ಎಂಬುದನ್ನು ಗಮನಿಸಿ. ಆಲ್ಬಮ್ಮಿನದೇ ಹೆಸರಿನ ರಚನೆಯಲ್ಲಿ ‘ಸೋ ವಾಟ್’ನ ಸುಳಿವು ಆಗಲೇ ಇದೆ.

ಮೂರನೆಯದು ನಿಮ್ಮ ಪುಟವನ್ನು ಅವಲಂಬಿಸುತ್ತದೆ. ಇವಾನ್ಸ್ ಗುರುತಾಗಿದ್ದರೆ, 1958ರ ಡಿಸೆಂಬರಿನಲ್ಲಿ ಧ್ವನಿಮುದ್ರಣಗೊಂಡ ‘ಎವ್ರಿಬಡಿ ಡಿಗ್ಸ್ ಬಿಲ್ ಇವಾನ್ಸ್’ ಆರಿಸಿ, ಅದರಲ್ಲಿ ‘ಪೀಸ್ ಪೀಸ್’ ಎಂಬ ಒಂಟಿ ಪಿಯಾನೋದ ರಚನೆಯನ್ನು ಮೊದಲು ಕೇಳಿ. ಎಡಗೈಯಲ್ಲಿ ಎರಡೇ ಸ್ವರಗುಚ್ಛಗಳು ಆರಂಭದಿಂದ ಕೊನೆಯವರೆಗೆ ತಂಬೂರಿಯಂತೆ ಮರಳಿ ಮರಳಿ ಬರುತ್ತವೆ, ಬಲಗೈ ಅದರ ಮೇಲೆ ಮನಸ್ಸಿಗೆ ಬಂದಂತೆ ಅಲೆಯುತ್ತದೆ. ಅದಾದ ಕೂಡಲೇ ‘ಫ್ಲಾಮೆಂಕೋ ಸ್ಕೆಚಸ್’ನ ಆರಂಭವನ್ನು ಹಾಕಿ. ಎರಡಕ್ಕೂ ಒಂದೇ ಅಡಿಪಾಯವಿರುವುದು ಕಿವಿಗೇ ತಿಳಿಯುತ್ತದೆ. ಕೆಲಿ ಗುರುತಾಗಿದ್ದರೆ ‘ಕೆಲಿ ಬ್ಲೂ’ (1959). ಬಾಸ್ ಮತ್ತು ಡ್ರಮ್ಸ್ ಅದರಲ್ಲೂ ಚೇಂಬರ್ಸ್ ಮತ್ತು ಕಾಬ್ ಅವರವೇ.

ನಾಲ್ಕನೆಯದು ನನಗೆ ತೀರ ಬೇಕಾದದ್ದು: ‘ಕ್ಯಾನನ್‌ಬಾಲ್ ಅಡರ್ಲಿ ಕ್ವಿಂಟೆಟ್ ಇನ್ ಷಿಕಾಗೋ’. ‘ಕೈಂಡ್ ಆಫ್ ಬ್ಲೂ’ವಿನ ಮೊದಲ ಮುದ್ರಣಕ್ಕೆ ಸುಮಾರು ಒಂದು ತಿಂಗಳ ಮೊದಲು, 1959ರ ಫೆಬ್ರುವರಿ 3ರಂದು, ಅಡರ್ಲಿ, ಕೋಲ್ಟ್ರೇನ್, ಕೆಲಿ, ಚೇಂಬರ್ಸ್, ಕಾಬ್ ಐವರೂ ಡೇವಿಸ್ ಇಲ್ಲದೆ ಸೇರಿ ನುಡಿಸಿದ್ದು ಇದು. ಯಜಮಾನರಿಲ್ಲದ ಮನೆಯಲ್ಲಿ ಹುಡುಗರು ಗಟ್ಟಿಯಾಗಿ ಮಾತನಾಡುವಂತೆ ಎಲ್ಲರೂ ಜೋರಾಗಿ, ವೇಗವಾಗಿ ನುಡಿಸುತ್ತಾರೆ. ಇದನ್ನು ಕೇಳಿದ ಮೇಲೆ ‘ಕೈಂಡ್ ಆಫ್ ಬ್ಲೂ’ವಿಗೆ ಮರಳಿದರೆ, ಅಲ್ಲಿನ ನಿಶ್ಶಬ್ದವನ್ನು ಕಾಯ್ದವರು ಡೇವಿಸ್ ಎಂಬುದು ಯಾರೂ ವಿವರಿಸದೆಯೇ ಅರ್ಥವಾಗುತ್ತದೆ.

## ಹಂತ 4: ಒಬ್ಬರ ಬೆನ್ನು ಹತ್ತಿ

ಈಗ ಒಬ್ಬರನ್ನು ಮಾತ್ರ ಆರಿಸಿಕೊಂಡು ಅವರ ಹಿಂದೆ ಹೋಗಬೇಕು. ಇಬ್ಬರು ಮೂವರನ್ನು ಒಟ್ಟಿಗೇ ಹಿಡಿದರೆ ಯಾರ ಬೆಳವಣಿಗೆಯೂ ತಿಳಿಯುವುದಿಲ್ಲ.

ಇವಾನ್ಸ್ ಆಗಿದ್ದರೆ ದಾರಿ ಸುಲಭ. ‘ಪೋರ್ಟ್ರೇಟ್ ಇನ್ ಜಾಝ್’ (1960), ಆಮೇಲೆ ‘ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್’ ಮತ್ತು ‘ವಾಲ್ಟ್ಜ್ ಫಾರ್ ಡೆಬಿ’. ಕೊನೆಯ ಎರಡೂ 1961ರ ಜೂನ್ 25ರಂದು, ನ್ಯೂಯಾರ್ಕಿನ ಒಂದೇ ಕ್ಲಬ್ಬಿನಲ್ಲಿ, ಒಂದೇ ದಿನ ಮುದ್ರಣಗೊಂಡವು. ಇವುಗಳಲ್ಲಿ ಪಿಯಾನೋವನ್ನು ಬಿಟ್ಟು ಸ್ಕಾಟ್ ಲಫಾರೋ ಅವರ ಬಾಸ್ ಕೇಳಿ. ಅದು ಕೇವಲ ತಾಳಕ್ಕೆ ಆಧಾರವಾಗಿ ನಿಲ್ಲದೆ, ಪಿಟೀಲು ವಾದಕರು ಗಾಯಕರಿಗೆ ಮರುನುಡಿಯುವಂತೆ ಪಿಯಾನೋದೊಡನೆ ಮಾತಿಗೆ ಇಳಿಯುತ್ತದೆ. ಹಿನ್ನೆಲೆಯಲ್ಲಿ ಗ್ಲಾಸುಗಳ ಸದ್ದು, ಜನರ ಗುಜುಗುಜು ಕೇಳಿಸುತ್ತದೆ; ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ. ಲಫಾರೋ ಆ ದಿನದ ನಂತರ ಹನ್ನೊಂದು ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಮೂವರ ಸಂವಾದ ಅಲ್ಲಿಗೆ ನಿಂತಿತು.

ಕೋಲ್ಟ್ರೇನ್ ಆಗಿದ್ದರೆ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಏಕೆಂದರೆ ಹತ್ತೇ ವರ್ಷಗಳಲ್ಲಿ ಇಷ್ಟು ದೂರ ಸಾಗಿದ ವಾದಕರು ಕಡಿಮೆ. ‘ಬ್ಲೂ ಟ್ರೇನ್’ (1957ರ ಸೆಪ್ಟೆಂಬರಿನಲ್ಲಿ ಮುದ್ರಿತ) ಮೊದಲು. ಚೇಂಬರ್ಸ್ ಅಲ್ಲಿಯೂ ಜೊತೆಗಿದ್ದಾರೆ. ಎರಡನೆಯದು ‘ಜೈಂಟ್ ಸ್ಟೆಪ್ಸ್’ (1960), ಆದರೆ ಅದನ್ನು ಅದೇ ಹೆಸರಿನ ಮೊದಲ ರಚನೆಯಿಂದ ಆರಂಭಿಸಬೇಡಿ. ‘ಸೋ ವಾಟ್’ನಲ್ಲಿ ಒಂದೇ ಸ್ವರಶ್ರೇಣಿಯ ಮೇಲೆ ನಿರಾಳವಾಗಿ ನಿಲ್ಲುವ ಕೋಲ್ಟ್ರೇನ್ ಅವರೇ, ‘ಕೈಂಡ್ ಆಫ್ ಬ್ಲೂ’ ಮುಗಿದ ಎರಡೇ ವಾರಗಳಲ್ಲಿ, ಕ್ಷಣಕ್ಷಣಕ್ಕೂ ಆಧಾರ ಬದಲಾಗುವ ‘ಜೈಂಟ್ ಸ್ಟೆಪ್ಸ್’ ರಚನೆಯನ್ನು ಮುದ್ರಿಸಿದರು. ಹೊಸಬರ ಕಿವಿಗೆ ಅದು ಬರಿಯ ಓಟವಾಗಿ ಕೇಳಿಸುತ್ತದೆ. ಅದರ ಬದಲು ಅದೇ ಆಲ್ಬಮ್ಮಿನ ‘ನೈಮಾ’ದಿಂದ ಆರಂಭಿಸಿ. ಅದೊಂದು ರಚನೆಯನ್ನು ಮಾತ್ರ 1959ರ ಡಿಸೆಂಬರಿನಲ್ಲಿ ಬೇರೆಯಾಗಿ ಮುದ್ರಿಸಲಾಯಿತು, ಜೊತೆಗಿದ್ದವರು ಕೆಲಿ, ಚೇಂಬರ್ಸ್ ಮತ್ತು ಕಾಬ್. ‘ಕೈಂಡ್ ಆಫ್ ಬ್ಲೂ’ವಿನ ಮನೆಯವರೇ ಅಲ್ಲಿಯೂ ಸೇರಿದ್ದಾರೆ ಎಂಬುದು ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದಾಗ ನನಗೆ ತಿಳಿದದ್ದು. ಅಲ್ಲಿಯವರೆಗೆ ಆ ಒಂದು ರಚನೆ ಮಾತ್ರ ಏಕೆ ಅಷ್ಟು ಹತ್ತಿರವೆನಿಸುತ್ತದೆ ಎಂದು ಗೊತ್ತಾಗಿರಲಿಲ್ಲ.

ಆಮೇಲೆ ‘ಮೈ ಫೇವರಿಟ್ ಥಿಂಗ್ಸ್’ (1961), ‘ಬ್ಯಾಲಡ್ಸ್’ (1963), ಕೊನೆಗೆ ‘ಎ ಲವ್ ಸುಪ್ರೀಮ್’ (1965). ಇಲ್ಲಿಗೆ ನಿಲ್ಲಿಸಿ. ಮುಂದಿನ ‘ಅಸೆನ್ಷನ್’ (1966) ಹನ್ನೊಂದು ಮಂದಿ ಸೇರಿ ಸುಮಾರು ನಲವತ್ತು ನಿಮಿಷ ಬಿಡುವಿಲ್ಲದೆ ನುಡಿಸಿದ ಒಂದೇ ರಚನೆ. ‘ಎ ಲವ್ ಸುಪ್ರೀಮ್’ ನಿಮಗೆ ಬಾಯಿಪಾಠದಷ್ಟು ಪರಿಚಿತವಾಗುವವರೆಗೆ ಅದರ ತಂಟೆಗೆ ಹೋಗಬೇಡಿ.

ಡೇವಿಸ್ ಆಗಿದ್ದರೆ ಮೊದಲು ಹಿಂದಕ್ಕೆ ಹೋಗಿ. 1956ರ ಮೇ 11 ಮತ್ತು ಅಕ್ಟೋಬರ್ 26, ಈ ಎರಡು ದಿನಗಳ ಮುದ್ರಣದಿಂದ ಬಂದ ‘ಕುಕಿನ್’, ‘ರಿಲ್ಯಾಕ್ಸಿನ್’, ‘ವರ್ಕಿನ್’, ‘ಸ್ಟೀಮಿನ್’ ಎಂಬ ನಾಲ್ಕರಲ್ಲಿ ಯಾವುದಾದರೂ ಒಂದು ಸಾಕು. ನನ್ನ ಆಯ್ಕೆ ‘ರಿಲ್ಯಾಕ್ಸಿನ್’. ಆಮೇಲೆ ಮುಂದಕ್ಕೆ ಬಂದು ‘ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್’ (1961), ‘ಇ.ಎಸ್.ಪಿ.’ (1965), ‘ಇನ್ ಎ ಸೈಲೆಂಟ್ ವೇ’ (1969) ಎಂಬ ಮೂರು ಮೆಟ್ಟಿಲು ಹತ್ತಿದ ಮೇಲೆ ‘ಬಿಚಸ್ ಬ್ರೂ’ ತಾನಾಗಿಯೇ ತೆರೆದುಕೊಳ್ಳುತ್ತದೆ.

ಕೆಲಿ, ಚೇಂಬರ್ಸ್ ಅಥವಾ ಕಾಬ್ ಆಗಿದ್ದರೆ ನೀವು ಅದೃಷ್ಟವಂತರು, ಏಕೆಂದರೆ ಹಿಮ್ಮೇಳದವರ ಹಿಂದೆ ಹೋದವರಿಗೆ ಸಿಗುವಷ್ಟು ಆಲ್ಬಂಗಳು ಬೇರೆಯವರಿಗೆ ಸಿಗುವುದಿಲ್ಲ. ಹ್ಯಾಂಕ್ ಮೋಬ್ಲಿ ಅವರ ‘ಸೋಲ್ ಸ್ಟೇಷನ್’ (1960) ಆರಿಸಿ. ಪಿಯಾನೋ ಕೆಲಿ, ಬಾಸ್ ಚೇಂಬರ್ಸ್, ಡ್ರಮ್ಸ್ ಆರ್ಟ್ ಬ್ಲೇಕಿ. ಬ್ಲೇಕಿ ಎಂಬ ಹೆಸರು ‘ಸಮ್‌ಥಿಂಗ್ ಎಲ್ಸ್’ ಬರೆದುಕೊಂಡಿದ್ದ ಪುಟದಲ್ಲಿ ಆಗಲೇ ಇದೆ. ಅವರದೇ ತಂಡದ ‘ಮೋನಿನ್’ (1958ರಲ್ಲಿ ಮುದ್ರಿತ) ನಿಮ್ಮ ಮುಂದಿನ ಆಲ್ಬಂ. ಸರಪಳಿ ಬೆಳೆಯುವುದು ಹೀಗೆ.

## ಹಂತ 5: ಜನರನ್ನು ಬಿಟ್ಟು ಕ್ರಮವನ್ನು ಹಿಡಿಯಿರಿ

ಇಲ್ಲಿ ಕ್ರಮವೆಂದರೆ ರಚನೆ ನಿಂತಿರುವ ಸ್ವರಶ್ರೇಣಿ ಮತ್ತು ಅದು ತಿರುಗುವ ಸುತ್ತು. ಕರ್ನಾಟಕ ಸಂಗೀತದ ಪರಿಚಯವಿರುವ ಕನ್ನಡಿಗರಿಗೆ ಈ ಹಂತದಲ್ಲಿ ಒಂದು ಅನುಕೂಲವಿದೆ. ‘ಸೋ ವಾಟ್’ ಹಾರ್ಮೋನಿಯಂನ ಬಿಳಿ ಎರಡನ್ನು ಷಡ್ಜವಾಗಿ ಇಟ್ಟುಕೊಂಡರೆ ಖರಹರಪ್ರಿಯದ ಸ್ವರಗಳ ಮೇಲೆ ನಿಂತಿರುತ್ತದೆ. ಹಿಂದೂಸ್ತಾನಿಯವರು ಕಾಫಿ ಥಾಟ್ ಎನ್ನಬಹುದು. ಸ್ವರಶ್ರೇಣಿ ಅದು, ರಾಗವಲ್ಲ, ಗಮಕಗಳನ್ನು ಅಲ್ಲಿ ಹುಡುಕಬಾರದು. ಬಾಸ್‌ನ ಪ್ರತಿ ಎಣಿಕೆಗೆ ಒಂದು ಅಕ್ಷರದಂತೆ ಆದಿತಾಳ ಹಾಕುತ್ತ ಕೇಳಿ. ಎಂಟು ಆವರ್ತನ ಬಿಳಿ ಎರಡರಲ್ಲಿ ಸಾಗುತ್ತದೆ. ಆಮೇಲೆ ಷಡ್ಜವೇ ಅರ್ಧ ಮನೆ ಮೇಲೇರಿ, ನಾಲ್ಕು ಆವರ್ತನ ಅದೇ ಸ್ವರಗಳು ಕಪ್ಪು ಎರಡರಲ್ಲಿ ನಡೆಯುತ್ತವೆ. ಕೊನೆಯ ನಾಲ್ಕು ಆವರ್ತನ ಮತ್ತೆ ಬಿಳಿ ಎರಡಕ್ಕೆ ಮರಳುತ್ತದೆ. ಈ ಹದಿನಾರು ಆವರ್ತನಗಳ ಸುತ್ತೇ ರಚನೆಯ ಉದ್ದಕ್ಕೂ ತಿರುಗುತ್ತಿರುತ್ತದೆ. ಶ್ರುತಿ ಕದಲಬಾರದೆಂಬ ಶಿಸ್ತಿನಲ್ಲಿ ಬೆಳೆದ ಕಿವಿಗೆ ಆ ಏರಿಕೆ ನೆಲವೇ ಸ್ವಲ್ಪ ಎತ್ತಿದಂತೆ ಅನುಭವಕ್ಕೆ ಬರುತ್ತದೆ. ಒಮ್ಮೆ ಅದು ಹಿಡಿತಕ್ಕೆ ಬಂದರೆ ಸೋಲೋಗಳು ಎಲ್ಲಿಂದ ಎಲ್ಲಿಗೆ ಹೋಗುತ್ತಿವೆ ಎಂಬ ಗೊಂದಲ ಪೂರ್ತಿ ಕರಗುತ್ತದೆ. ‘ಆಲ್ ಬ್ಲೂಸ್’ ಅನ್ನು ಇದೇ ರೀತಿ ಆರು ಎಣಿಕೆಯ ರೂಪಕದಲ್ಲಿ, ಹನ್ನೆರಡು ಆವರ್ತನಗಳ ಸುತ್ತಾಗಿ ಎಣಿಸಬಹುದು.

ಈ ಎಣಿಕೆ ಕೈಗೆ ಬಂದ ಮೇಲೆ ಕೋಲ್ಟ್ರೇನ್ ಅವರ ‘ಇಂಪ್ರೆಷನ್ಸ್’ (1963) ಆಲ್ಬಮ್ಮಿನಲ್ಲಿ ಅದೇ ಹೆಸರಿನ ರಚನೆಯನ್ನು ಹಾಕಿ. ‘ಸೋ ವಾಟ್’ನ ಅದೇ ಸುತ್ತು, ಅದೇ ಸ್ವರಶ್ರೇಣಿಗಳು, ವೇಗ ಮಾತ್ರ ಬಹಳ ಹೆಚ್ಚು. ತಾಳ ತಪ್ಪದೆ ಎರಡು ನಿಮಿಷ ಹಿಂಬಾಲಿಸಿದರೆ ದೊಡ್ಡ ಸಾಧನೆ. ಅದೇ ಆಲ್ಬಮ್ಮಿನಲ್ಲಿ ‘ಇಂಡಿಯಾ’ ಎಂಬ ರಚನೆಯೂ ಇದೆ, ಅದು ನಮ್ಮ ಸಂಗೀತದ ಆಧಾರ ಶ್ರುತಿಯ ಕಡೆಗೆ ಕೋಲ್ಟ್ರೇನ್ ಅವರಿಗಿದ್ದ ಒಲವಿನಿಂದ ಹುಟ್ಟಿದ್ದು.

ಇದೇ ಕ್ರಮದ ಇನ್ನೆರಡು: ಆಲಿವರ್ ನೆಲ್ಸನ್ ಅವರ ‘ದಿ ಬ್ಲೂಸ್ ಅಂಡ್ ದಿ ಆಬ್‌ಸ್ಟ್ರಾಕ್ಟ್ ಟ್ರೂತ್’ (1961), ಅದರಲ್ಲಿ ಇವಾನ್ಸ್ ಮತ್ತು ಚೇಂಬರ್ಸ್ ಮತ್ತೆ ಸಿಗುತ್ತಾರೆ, ಹರ್ಬಿ ಹ್ಯಾನ್‌ಕಾಕ್ ಅವರ ‘ಮೇಡನ್ ವಾಯೇಜ್’ (1965), ಅದರಲ್ಲಿ ‘ಕೈಂಡ್ ಆಫ್ ಬ್ಲೂ’ವಿನ ಯಾರೂ ಇಲ್ಲ. ಹಳೆಯ ಮುಖ ಒಂದೂ ಇಲ್ಲದ ಆಲ್ಬಂ ನಿಮಗೆ ಹಿಡಿಸಿದ ದಿನ ಈ ಹಂತ ಮುಗಿಯಿತು.

## ಹಂತ 6: ಅದೇ ವರ್ಷದ ಅಪರಿಚಿತರು

1959ರಲ್ಲೇ ಮುದ್ರಣಗೊಂಡ ಮೂರು ಆಲ್ಬಂಗಳನ್ನು ಇಲ್ಲಿ ಪರೀಕ್ಷೆಗಾಗಿ ಕೇಳಿ. ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’ ಮತ್ತು ಚಾರ್ಲ್ಸ್ ಮಿಂಗಸ್ ಅವರ ‘ಮಿಂಗಸ್ ಆಹ್ ಉಮ್’ ಎರಡೂ 30ನೇ ಬೀದಿಯ ಅದೇ ಸ್ಟುಡಿಯೋದಲ್ಲಿ ರೂಪುಗೊಂಡವು. ‘ಟೈಮ್ ಔಟ್’ನ ‘ಟೇಕ್ ಫೈವ್’ ಐದು ಎಣಿಕೆಯದು. ನಮ್ಮ ಖಂಡಛಾಪು ಎರಡು ಮತ್ತು ಮೂರಾಗಿ ಒಡೆದರೆ ಇದು ಮೂರು ಮತ್ತು ಎರಡಾಗಿ ಒಡೆಯುತ್ತದೆ. ಮೂರನೆಯದು ಆರ್ನೆಟ್ ಕೋಲ್ಮನ್ ಅವರ ‘ದಿ ಶೇಪ್ ಆಫ್ ಜಾಝ್ ಟು ಕಮ್’. ಅದರಲ್ಲಿ ಪಿಯಾನೋ ಇಲ್ಲವೇ ಇಲ್ಲ, ಆದ್ದರಿಂದ ಮೊದಲ ಸಲ ಕಾಲಿಗೆ ನೆಲ ಸಿಗದಂತೆ ಆಗಬಹುದು. ಮೂರರಲ್ಲಿ ಒಂದು ಹಿಡಿಸಿದರೂ ಸಾಕು, ಆ ಒಂದಕ್ಕೆ ಹಂತ 2ರಿಂದ ಮತ್ತೆ ಆರಂಭಿಸಿ.

## ಹಂತ 7: ಸರಿಯಾದ ಆವೃತ್ತಿಯನ್ನು ಆರಿಸಿ

ಮೇಲಿನ ಕ್ರಮವನ್ನು ಸರಿಯಾಗಿ ಪಾಲಿಸಿದವರೂ ಎಡವುವುದು ಇಲ್ಲಿ. ಮೊದಲನೆಯದು ಇಸವಿಯ ಗೊಂದಲ. ಆ್ಯಪ್‌ಗಳು ಮರುಮುದ್ರಣದ ವರ್ಷವನ್ನು ತೋರಿಸುವುದುಂಟು. ಬಿಡುಗಡೆಯ ವರ್ಷವೂ ಮುದ್ರಣದ ವರ್ಷವೂ ಬೇರೆಯಾಗಿರುವುದುಂಟು. 1956ರ ಆ ಎರಡು ದಿನಗಳ ಡೇವಿಸ್ ಮುದ್ರಣಗಳು ಒಂದೊಂದಾಗಿ ಹೊರಬಂದು ಮುಗಿಯುವಾಗ 1961 ಆಗಿತ್ತು. ಹೀಗಾಗಿ ನಿಮ್ಮ ಪುಸ್ತಕದಲ್ಲಿ ಮುದ್ರಣದ ದಿನಾಂಕವನ್ನೇ ಬರೆಯಿರಿ.

ಎರಡನೆಯದು ಒಂದೇ ಸಂಗೀತಕ್ಕೆ ಎರಡು ಹೆಸರು. ಹಂತ 3ರಲ್ಲಿ ಹೇಳಿದ ಷಿಕಾಗೋ ಆಲ್ಬಂ 1964ರಲ್ಲಿ ‘ಕ್ಯಾನನ್‌ಬಾಲ್ ಅಂಡ್ ಕೋಲ್ಟ್ರೇನ್’ ಎಂಬ ಹೆಸರಿನಿಂದ ಮತ್ತೆ ಬಂತು. ಅದನ್ನು ಬೇರೆ ಆಲ್ಬಂ ಎಂದು ಹಣ ಕೊಟ್ಟು ಕೊಳ್ಳಬೇಡಿ.

ಮೂರನೆಯದು ಹೆಚ್ಚುವರಿ ತುಣುಕುಗಳು. ಹೊಸ ಆವೃತ್ತಿಗಳ ಕೊನೆಯಲ್ಲಿ ಅದೇ ರಚನೆಯ ಬೇರೆ ಮುದ್ರಣಗಳನ್ನು ಸೇರಿಸಿರುತ್ತಾರೆ. ‘ವಾಲ್ಟ್ಜ್ ಫಾರ್ ಡೆಬಿ’ಯಲ್ಲಿ ಒಂದೇ ರಚನೆ ಎರಡು ಸಲ ಬಂದರೆ ಅದು ಆಲ್ಬಮ್ಮಿನ ಮೂಲ ಸ್ವರೂಪವಲ್ಲ. ಮೊದಲ ಮೂರು ಸಲ ಮೂಲ ತಟ್ಟೆಯಲ್ಲಿದ್ದ ರಚನೆಗಳನ್ನು ಮಾತ್ರ, ಅದೇ ಕ್ರಮದಲ್ಲಿ ಕೇಳಿ.

ನಾಲ್ಕನೆಯದು ‘ಕೈಂಡ್ ಆಫ್ ಬ್ಲೂ’ವಿಗೇ ಸೇರಿದ್ದು. ಮಾರ್ಚ್ 2ರಂದು ಟೇಪ್ ಯಂತ್ರ ತುಸು ನಿಧಾನವಾಗಿ ತಿರುಗಿದ್ದರಿಂದ, ಹಳೆಯ ತಟ್ಟೆಗಳಲ್ಲಿ ಮೊದಲ ಮೂರು ರಚನೆಗಳ ಶ್ರುತಿ ಸ್ವಲ್ಪ ಏರಿಯೇ ಕೇಳಿಸುತ್ತದೆ. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಲಾಯಿತು. ತಂಬೂರಿ ಆ್ಯಪ್‌ನಲ್ಲಿ ಬಿಳಿ ಎರಡನ್ನು ಇಟ್ಟುಕೊಂಡು ಹೋಲಿಸುವವರಿಗೆ ಶ್ರುತಿ ಸೇರದಿದ್ದರೆ ದೋಷ ನಿಮ್ಮ ಕಿವಿಯದಲ್ಲ, ಆವೃತ್ತಿಯನ್ನು ಬದಲಿಸಿ.

## ಆಲ್ಬಂ ಒಲಿಯದಿದ್ದರೆ

ಮೂರು ಸಲ ಕೇಳದೆ ಯಾವುದನ್ನೂ ತಳ್ಳಿಹಾಕಬೇಡಿ, ಮೂರು ಸಲ ಕೇಳಿದ ಮೇಲೆ ಒತ್ತಾಯದಿಂದ ಮೆಚ್ಚಿಕೊಳ್ಳಲೂ ಬೇಡಿ. ಪುಸ್ತಕದಲ್ಲಿ ಆ ಹೆಸರಿನ ಮುಂದೆ ತಿಂಗಳು ಬರೆದು, ಆರು ತಿಂಗಳ ನಂತರ ಮತ್ತೆ ತೆರೆಯಿರಿ. ಕೆಳಗಿನ ಲಕ್ಷಣಗಳು ಕಂಡರೆ ನೀವು ಮುನ್ನುಗ್ಗುವುದನ್ನು ನಿಲ್ಲಿಸಿ ಒಂದು ಹಂತ ಹಿಂದಕ್ಕೆ ಬರಬೇಕು: ನಿನ್ನೆ ಕೇಳಿದ ಆಲ್ಬಮ್ಮಿನ ಒಂದು ಸಾಲೂ ಇಂದು ಗುನುಗಲು ಬಾರದಿರುವುದು, ವಾರಕ್ಕೆ ಐದಾರು ಹೊಸ ಆಲ್ಬಂಗಳು ಪುಸ್ತಕಕ್ಕೆ ಸೇರುತ್ತಿರುವುದು, ಸೋಲೋ ಆರಂಭವಾದೊಡನೆ ಕೈ ಮೊಬೈಲಿನತ್ತ ಹೋಗುವುದು. ಇನ್ನೊಂದು ಲಕ್ಷಣ ಹೆಚ್ಚು ಅಪಾಯಕಾರಿ: ಓದುವಾಗ, ಅಡುಗೆ ಮಾಡುವಾಗ ಹಾಕುವ ‘ಕಾಫಿಗೆ ಜಾಝ್’ ಬಗೆಯ ಮಿಶ್ರಣಗಳೇ ಸಾಕೆನಿಸುವುದು. ಅವುಗಳಲ್ಲಿ ವಾದಕರ ಹೆಸರನ್ನು ಹುಡುಕುವುದು ಕಷ್ಟ. ಹೆಸರಿಲ್ಲದ ಮೇಲೆ ಮುಂದಿನ ದಾರಿಯೂ ಅಲ್ಲಿಂದ ಹೊರಡುವುದಿಲ್ಲ.

## ನಮ್ಮ ಕಡೆಗೆ ತಿರುಗುವ ಕವಲು

ಹಂತ 6 ಮುಗಿಸಿದವರಿಗೆ ಮಾತ್ರ ಇದನ್ನು ಹೇಳುತ್ತಿದ್ದೇನೆ. ಮಿಂಗಸ್ ಹಿಡಿಸಿದವರು ಅವರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ (1963) ಆಲ್ಬಮ್ಮಿಗೆ ಬಂದು, ಎಂದಿನಂತೆ ವಾದಕರ ಹೆಸರುಗಳನ್ನು ಬರೆದುಕೊಂಡರೆ, ಆಲ್ಟೋ ಸ್ಯಾಕ್ಸೋಫೋನಿನ ಎದುರು ಚಾರ್ಲಿ ಮರಿಯಾನೋ ಎಂಬ ಹೆಸರು ಸಿಗುತ್ತದೆ. ಅದೇ ಮರಿಯಾನೋ ಇಪ್ಪತ್ತು ವರ್ಷಗಳ ನಂತರ, 1983ರಲ್ಲಿ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು, ಹಾಡಿದವರು ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ ಅವರದು. ಇನ್ನು ಅಡರ್ಲಿ ಅವರ ಆಲ್ಟೋ ನಿಮ್ಮನ್ನು ಹಿಡಿದಿದ್ದರೆ, ಅದೇ ವಾದ್ಯವನ್ನು ಗಮಕಕ್ಕೆ ಒಗ್ಗಿಸಿದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಅವರು ಅಮೆರಿಕದ ಆಲ್ಟೋ ವಾದಕ ರುದ್ರೇಶ್ ಮಹಾಂತಪ್ಪ ಅವರೊಡನೆ ನುಡಿಸಿದ ‘ಕಿನ್ಸ್‌ಮೆನ್’ (2008) ಇದೆ. ಎರಡು ಆಲ್ಟೋಗಳಲ್ಲಿ ಯಾವುದು ಯಾರದೆಂದು ಬಿಡಿಸಿ ಕೇಳಲು ಹಂತ 1ರಲ್ಲಿ ‘ಸೋ ವಾಟ್’ಗೆ ಮಾಡಿದ್ದನ್ನೇ ಇಲ್ಲಿಯೂ ಮಾಡಿ: ಹೆಡ್‌ಫೋನ್ ಹಾಕಿಕೊಳ್ಳಿ, ಒಬ್ಬರನ್ನೇ ಹಿಂಬಾಲಿಸಿ, ನಿಮಿಷವನ್ನು ಬರೆದುಕೊಳ್ಳಿ.